ಬ್ರಹ್ಮಗಿರಿಯಲ್ಲಿಟ್ಟ ಕಂಡಿಕೆ

ಹೆಂಡತಿಯ ವರ್ಷದ ತಿಥಿ ಹತ್ತಿರ ಬಂದಾಗ ಮೊಳಕಾಲ್ಮೂರಿನ ನೇಕಾರ ಶಿವರಾಮನಿಗೆ ಒಂದು ಮಾತು ಹೊಳೆಯಿತು. ಮನೆಯಲ್ಲಿ ಅವಳ ಕೈಯಿಂದಾದದ್ದು ಏನೂ ಉಳಿದಿಲ್ಲ. ಸೀರೆಗಳನ್ನು ನಾದಿನಿಯರು ಹಂಚಿಕೊಂಡು ಒಯ್ದಿದ್ದರು. ಅವಳು ಹಾಕಿದ ಉಪ್ಪಿನಕಾಯಿಯ ಕೊನೆಯ ಜಾಡಿ ಸಂಕ್ರಾಂತಿಯ ಹೊತ್ತಿಗೇ ಬರಿದಾಗಿತ್ತು. ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಇತ್ತು, ಆದರೆ ಅದು ಸ್ಟುಡಿಯೋದವನ ಕೈಕೆಲಸ. ಆಧಾರ್ ಕಾರ್ಡಿನ ಚಿತ್ರವನ್ನು ದೊಡ್ಡದು ಮಾಡಿ, ಹಿಂದೆ ಒಂದು ನೀಲಿ ಪರದೆ ಎಳೆದು, ಹಣೆಯ ಕುಂಕುಮವನ್ನೂ ಕಂಪ್ಯೂಟರಿನಲ್ಲೇ ಇಟ್ಟುಕೊಟ್ಟಿದ್ದ.

ಜ್ಯೋತಿಲಕ್ಷ್ಮಿ ಮದುವೆಯಾಗಿ ಬಂದ ವಾರವೇ ರಾಟೆಯ ಮುಂದೆ ಕೂತವಳು. ಅವಳ ಕೆಲಸ ಕಂಡಿಕೆ ಸುತ್ತುವುದು. ಕಂಡಿಕೆ ಎಂದರೆ ಬೆರಳುದ್ದದ ಕಡ್ಡಿಗೆ ಸುತ್ತಿದ ರೇಷ್ಮೆ ಎಳೆ. ಅದನ್ನು ಲಾಳಿಯೊಳಗೆ ಕೂರಿಸಿಕೊಂಡು ಗಂಡ ಮಗ್ಗದಲ್ಲಿ ಅತ್ತಿಂದಿತ್ತ ಓಡಿಸುತ್ತಾನೆ, ಎಳೆ ಬಿಚ್ಚುತ್ತ ಬಿಚ್ಚುತ್ತ ಸೀರೆಯಾಗುತ್ತದೆ, ಸೀರೆ ಆಗುವ ಹೊತ್ತಿಗೆ ಕಡ್ಡಿ ಬೋಳಾಗುತ್ತದೆ. ಹೀಗೆ ಅವಳು ಆಯಸ್ಸಿಡೀ ಸುತ್ತಿದ್ದೆಲ್ಲ ಬಿಚ್ಚಿಹೋಗಿ, ಯಾವ್ಯಾವುದೋ ಊರಿನ ಮದುಮಕ್ಕಳ ಮೈಮೇಲೆ ಹೋಗಿ, ಈಗ ಯಾವ್ಯಾವುದೋ ಬೀರುವಿನಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತಿದೆ. ನೇಯ್ದವನ ಹೆಸರನ್ನೇ ಯಾರೂ ಕೇಳುವುದಿಲ್ಲ, ಇನ್ನು ಕಂಡಿಕೆ ಸುತ್ತಿದವಳ ಹೆಸರು ಯಾರಿಗೆ ಬೇಕು? ಮಗ್ಗ ಅವಳ ಆಸ್ಪತ್ರೆಯ ಕಾಲದಲ್ಲೇ ಕೈಬಿಟ್ಟಿತ್ತು. ರಾಟೆಯನ್ನು ಹೆದ್ದಾರಿಯ ಹೋಟೆಲಿನವನೊಬ್ಬ ಅಲಂಕಾರಕ್ಕೆಂದು ಕೇಳಿ ಒಯ್ದ. ಅಲ್ಲಿ ಅದಕ್ಕೆ ಬಣ್ಣದ ಲೈಟು ಸುತ್ತಿ ನಿಲ್ಲಿಸಿದ್ದಾರೆ, ತಿಂದವರು ಕೈ ಒರೆಸಿಕೊಂಡು ಬಂದು ಅದರ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ.

ಇಷ್ಟೆಲ್ಲ ಯೋಚಿಸುತ್ತ ಕೂತವನಿಗೆ ನೆನಪಾಯಿತು. ಒಂದೇ ಒಂದು ಕಂಡಿಕೆ ಉಳಿದಿರಬೇಕು. ಬ್ರಹ್ಮಗಿರಿಯ ಬೆಟ್ಟದಲ್ಲಿ, ಒಂದು ಬಂಡೆಯ ಸಂದಿನಲ್ಲಿ, ಒಂದು ತಗಡಿನ ಡಬ್ಬಿಯೊಳಗೆ.

ಅದು ಅಲ್ಲಿಗೆ ಹೋದದ್ದು ಒಂದು ಆಟದಿಂದ. ಆಟದ ಹೆಸರು ಜಿಯೋಕ್ಯಾಶಿಂಗ್. ಹೆಸರು ದೊಡ್ಡದು, ಆಟ ಸಣ್ಣ ಹುಡುಗರ ಕಣ್ಣಾಮುಚ್ಚಾಲೆಗಿಂತ ಹೆಚ್ಚೇನಲ್ಲ. ಒಬ್ಬ ಒಂದು ಡಬ್ಬಿಯನ್ನು ಎಲ್ಲಾದರೂ ಬಚ್ಚಿಡುತ್ತಾನೆ. ಆ ಜಾಗದ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾನೆ. ಲೋಕದ ಯಾವ ಮೂಲೆಯವರಾದರೂ ಬಂದು ಹುಡುಕಬಹುದು, ಒಳಗಿನ ಪುಸ್ತಕದಲ್ಲಿ ರುಜು ಹಾಕಬಹುದು, ಡಬ್ಬಿಯಿಂದ ಒಂದು ವಸ್ತು ತೆಗೆದುಕೊಂಡರೆ ಬದಲಿಗೆ ಇನ್ನೊಂದನ್ನು ಇಟ್ಟುಹೋಗಬೇಕು. ಲಾಭವಿಲ್ಲ, ನಷ್ಟವಿಲ್ಲ, ಗೆದ್ದವನಿಗೆ ಬಿಸಿಲು, ಸೋತವನಿಗೂ ಬಿಸಿಲು.

ನೇಕಾರನಿಗೆ ಈ ಆಟ ಹತ್ತಿದ್ದು ಗಾಳಿಯಂತ್ರದವರಿಂದ. ಹದಿನೈದು ವರ್ಷದ ಹಿಂದೆ, ಗುಡ್ಡಗಳ ಮೇಲೆಲ್ಲ ಫ್ಯಾನು ನೆಡುವುದಕ್ಕೆ ಸರ್ವೆಯವರು ಬಂದಾಗ ಅವರಿಗೆ ದಾರಿ ತೋರಿಸುವವನೊಬ್ಬ ಬೇಕಾಗಿತ್ತು. ಮಗ್ಗಕ್ಕೆ ಕೆಲಸವಿಲ್ಲದ ದಿನಗಳು, ಶಿವರಾಮ ಹೋದ. ಸರ್ವೆಯ ಎಂಜಿನಿಯರ್ ಹೊರಡುವಾಗ ತನ್ನ ಹಳೆಯ ಹಳದಿ ಬಣ್ಣದ ಜಿಪಿಎಸ್ ಯಂತ್ರವನ್ನೂ ಈ ಆಟವನ್ನೂ ಅವನಿಗೆ ಬಿಟ್ಟುಹೋದ. ಸೋಪಿನ ಡಬ್ಬಿಯಷ್ಟಿದ್ದ ಆ ಯಂತ್ರ ಎರಡು ಶೆಲ್ಲು ನುಂಗಿ, ಆಕಾಶ ನೋಡುತ್ತ ಬಹಳ ಹೊತ್ತು ಯೋಚನೆ ಮಾಡಿ, ಕಡೆಗೆ ನೀನು ಇಲ್ಲಿದ್ದೀಯಪ್ಪ ಎಂದು ಅಂಕಿ ತೋರಿಸುತ್ತಿತ್ತು. ಶಿವರಾಮನಿಗೆ ಅದರ ಮೇಲೆ ಜೀವ. ಇಡೀ ದಿನ ಮಗ್ಗದ ಕುಳಿಯೊಳಗೆ ಕಾಲು ಇಳಿಬಿಟ್ಟು ಒಂದೇ ಕಡೆ ಕೂರುವವನಿಗೆ, ತಾನು ಭೂಮಿಯ ಮೇಲೆ ಒಂದು ಜಾಗದಲ್ಲಿ ಇದ್ದೇನೆ ಎಂದು ಯಾರೋ ಹೇಳಿದ್ದು ಅದೇ ಮೊದಲು.

ಡಬ್ಬಿ ಬಚ್ಚಿಡಬೇಕಾದರೆ ಇಂಟರ್ನೆಟ್ಟಿನಲ್ಲಿ ಒಂದು ಖಾತೆ ಬೇಕು. ಆಗ ಚಳ್ಳಕೆರೆಯಲ್ಲಿ ಮುರುಗೇಂದ್ರಪ್ಪ ಇಂಟರ್ನೆಟ್ ಸೆಂಟರ್ ಇಟ್ಟಿದ್ದ. ಅಪ್ಪನ ಎಣ್ಣೆ ವ್ಯಾಪಾರ ಬೇಡವೆಂದು ಕಂಪ್ಯೂಟರ್ ಹಿಡಿದವನು, ಶಿವರಾಮನ ಜೊತೆ ಹೈಸ್ಕೂಲು ಓದಿದವನು. ಅವನೇ ಕೂತು ಖಾತೆ ತೆರೆದ.

"ನಿನ್ನ ಮೇಲ್ ಐಡಿ ಏನಲೇ?" ಎಂದ.

"ನಂದೆಲ್ಲೈತೆ? ನಿಂದೇ ಹಾಕಲೇ," ಎಂದ ಶಿವರಾಮ.

ನಮ್ಮ ಕಡೆ ಇದನ್ನು ತಪ್ಪೆಂದು ಯಾರೂ ತಿಳಿಯುವುದಿಲ್ಲ. ಗ್ಯಾಸಿಗೆ ಭಾವಮೈದುನನ ಫೋನ್ ನಂಬರು, ಬ್ಯಾಂಕಿಗೆ ಮೇಷ್ಟ್ರ ನಂಬರು, ಮಗನ ಪರೀಕ್ಷೆಯ ಅರ್ಜಿಗೆ ಜೆರಾಕ್ಸ್ ಅಂಗಡಿಯವನ ಮೇಲ್ ಐಡಿ. ಪಾಸ್‌ವರ್ಡ್ ಎಂಬುದು ಅಂಗಡಿಯವನಿಗೆ ಗೊತ್ತಿದ್ದರೆ ಸಾಕು, ಬೇಕಾದಾಗ ಹೋಗಿ ಕೇಳಿದರಾಯಿತು. ಹೆಸರು ಬರೆಯುವ ಜಾಗದಲ್ಲಿ ಮುರುಗೇಂದ್ರಪ್ಪ 'ಬ್ರಹ್ಮಗಿರಿ ಶಿವರಾಮ' ಎಂದು ಟೈಪು ಮಾಡಿದ. ಪರದೆಯ ಮೇಲೆ ತನ್ನ ಹೆಸರು ಮೂಡಿದ್ದನ್ನು ಶಿವರಾಮ ಬಹಳ ಹೊತ್ತು ನೋಡಿದ. ಅವನು ನೇಯ್ದ ಯಾವ ಸೀರೆಯ ಮೇಲೂ ಅವನ ಹೆಸರು ಇರಲಿಲ್ಲ, ಅಂಗಡಿಯವರ ಹೆಸರಿರುತ್ತಿತ್ತು.

ಡಬ್ಬಿ ಇಡಲು ಜ್ಯೋತಿಲಕ್ಷ್ಮಿಯೂ ಬಂದಿದ್ದಳು. ಸಿದ್ದಾಪುರದ ಹತ್ತಿರ ಆಟೋ ಇಳಿದು, ಅಶೋಕನ ಶಾಸನಕ್ಕೆ ಸರ್ಕಾರದವರು ಹಾಕಿದ ಬೇಲಿಯನ್ನು ದೂರದಿಂದಲೇ ಬಿಟ್ಟು, ಬೆಟ್ಟದ ಹಿಂಬದಿಯಲ್ಲಿ ಕುರಿಗಳು ಮಾತ್ರ ಹತ್ತುವ ಕಡೆಯಿಂದ ಹತ್ತಿದರು. ಆ ಬೆಳಿಗ್ಗೆ ಮನೆಯಲ್ಲಿ ಸಣ್ಣ ಜಗಳವಾಗಿತ್ತು. ಅವಳು ಕೊಟ್ಟ ನೇರಳೆ ಬಣ್ಣದ ಕಂಡಿಕೆಯನ್ನು ಶಿವರಾಮ, ಸಡಿಲ ಸುತ್ತಿದ್ದೀಯ, ಇದು ಲಾಳಿಯಲ್ಲಿ ಓಡುವುದಿಲ್ಲ ಎಂದು ಹಿಂದಕ್ಕೆ ಎಸೆದಿದ್ದ. ನಿಜ ಹೇಳಬೇಕೆಂದರೆ ಕಂಡಿಕೆಯಲ್ಲಿ ದೋಷವಿರಲಿಲ್ಲ. ಹಿಂದಿನ ದಿನ ನೂಲು ಕೊಟ್ಟು ನೇಯಿಸುವ ಧಣಿ ಸೀರೆಯಲ್ಲಿ ಇಲ್ಲದ ಹುಳುಕು ತೆಗೆದಿದ್ದ, ಆ ಸಿಟ್ಟು ಇಲ್ಲಿ ಇಳಿದಿತ್ತು, ಅಷ್ಟೇ.

ಅವಳು ಕಂಡಿಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಟ್ಟ ಹತ್ತಿದಳು. ಅವನು ಬಂಡೆಯ ಸಂದಿನಲ್ಲಿ ಡಬ್ಬಿ ಕೂರಿಸಿ, ಯಂತ್ರದ ಅಂಕಿಗಳನ್ನು ಬರೆದುಕೊಳ್ಳುತ್ತಿದ್ದರೆ ಮನೆಮಾತು ತೆಲುಗಿನಲ್ಲಿ ನಕ್ಕಳು. "ದಾಚೇದಿ ಮನಮೇ, ದಾರಿ ಚೆಪ್ಪೇದಿ ಮನಮೇನಾ?" ಬಚ್ಚಿಡುವವರೂ ನಾವೇ, ದಾರಿ ಹೇಳಿಕೊಡುವವರೂ ನಾವೇನಾ ಎಂದು. ಡಬ್ಬಿಯೊಳಗೆ ಬಂದವರಿಗೆಂದು ಏನಾದರೂ ಇಡಬೇಕು ಎಂದಾಗ ಸೊಂಟದಿಂದ ಕಂಡಿಕೆ ತೆಗೆದು ಹಾಕಿದಳು. "ನೀ ಮಗ್ಗಾನಿಕಿ ವದ್ದು ಕದಾ," ಎಂದಳು. ನಿನ್ನ ಮಗ್ಗಕ್ಕೆ ಬೇಡವಲ್ಲ, ಬೇಕಾದವರು ಯಾರಾದರೂ ಒಯ್ಯಲಿ.

ಕಂಡಿಕೆ ಸಡಿಲವಾಗಿರಲಿಲ್ಲ ಎಂದು ಅವನು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಮುಚ್ಚಳ ಒತ್ತಿ ಹಾಕಿದ.

ಆಮೇಲೆ ಏಳೆಂಟು ವರ್ಷ ಆಟ ನಡೆಯಿತು. ಯಾರೋ ಜರ್ಮನಿಯವರು ಬಂದು ರುಜು ಹಾಕಿಹೋದರು, ಬೆಂಗಳೂರಿನ ಹುಡುಗರು ಬಂದರು. ಶಿವರಾಮ ಚಳ್ಳಕೆರೆಗೆ ಹೋದಾಗಲೆಲ್ಲ ಮುರುಗೇಂದ್ರಪ್ಪನ ಪಕ್ಕ ಕೂತು ಬಂದವರು ಬರೆದದ್ದನ್ನು ಓದಿಸಿ ಕೇಳುತ್ತಿದ್ದ. ಯಾರೂ ಕಂಡಿಕೆ ತೆಗೆದುಕೊಂಡಿರಲಿಲ್ಲ, ಅದು ಏನೆಂದೇ ಅವರಿಗೆ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಜ್ಯೋತಿಲಕ್ಷ್ಮಿಯ ಕಿಡ್ನಿ ಕೈಕೊಟ್ಟಿತು. ಡಯಾಲಿಸಿಸ್ಸಿಗೆ ವಾರ ವಾರ ಬಸ್ಸು ಹತ್ತುವುದರಲ್ಲಿ ಬೆಟ್ಟವೂ ಆಟವೂ ಮರೆತುಹೋದವು. ಬಿ.ಜಿ. ಕೆರೆ ದಾಟುವಾಗ ಅವಳು ಕಿಟಕಿಯಿಂದ ದೂರದ ಗಾಳಿಯಂತ್ರಗಳನ್ನು ನೋಡಿ, ನಿನ್ನ ಫ್ಯಾನು ತಿರುಗುತ್ತಿವೆ ನೋಡು ಎನ್ನುತ್ತಿದ್ದಳು. ಅಷ್ಟೇ ಉಳಿದದ್ದು.

ಈಗ ಕಂಡಿಕೆ ನೆನಪಾದ ಮರುದಿನವೇ ಅವನು ಬೆಟ್ಟ ಹತ್ತಿದ. ಹಳದಿ ಯಂತ್ರವನ್ನು ಅಟ್ಟದಿಂದ ಇಳಿಸಿ ನೋಡಿದರೆ ಶೆಲ್ಲುಗಳು ಸೋರಿ ಹೊಟ್ಟೆಯೊಳಗೆಲ್ಲ ಹಸಿರು ಪಾಚಿ ಕಟ್ಟಿತ್ತು. ಯಂತ್ರ ಬೇಕಾಗಿಯೂ ಇರಲಿಲ್ಲ, ತಾನೇ ಇಟ್ಟ ಜಾಗ. ಸೀತಾಫಲದ ಪೊದೆ ದಾಟಿ, ಎರಡು ಬಂಡೆ ಒಂದಕ್ಕೊಂದು ಒರಗಿದ ಕಡೆ ಬಗ್ಗಿ ಕೈ ಹಾಕಿದ. ಒಣಗಿದ ಎಲೆ ಸಿಕ್ಕಿತು, ಮುಳ್ಳುಹಂದಿಯ ಒಂದು ಮುಳ್ಳು ಸಿಕ್ಕಿತು. ಡಬ್ಬಿ ಇರಲಿಲ್ಲ.

ಮನೆಗೆ ಬಂದವನ ಮುಖ ನೋಡಿ ಮಗಳು ದಿವ್ಯಶ್ರೀ ಏನಾಯಿತೆಂದು ಕೇಳಿದಳು. ದಿವ್ಯಶ್ರೀ ಊರಿನ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ, ಮೂರು ಬೀದಿ ಆಚೆ ಗಂಡನ ಮನೆ. ಮೊಬೈಲಿನ ಮುಂದೆ ನಿಂತು ಸೀರೆ ಬಿಡಿಸಿ ತೋರಿಸುವುದೇ ಅವಳ ಕೆಲಸ, ನೋಡಿದವರು ಎಲ್ಲೆಲ್ಲಿಂದಲೋ ಆರ್ಡರ್ ಹಾಕುತ್ತಾರೆ.

"ಈಗ ಅದಕ್ಕೆಲ್ಲ ಆ್ಯಪ್ ಬಂದೈತೆ ಅಪ್ಪ," ಎಂದಳು. "ಡಬ್ಬಿ ಜಾಗ ಬದಲಾಗಿದ್ರೆ ಅದ್ರಲ್ಲೇ ತೋರಿಸುತ್ತೆ. ತಡಿ, ನಿಂಗೆ ಕಲಿಸ್ತೀನಿ."

ಕಲಿಸುವುದೆಂದರೆ ಸುಮ್ಮನೆ ಆಗಲಿಲ್ಲ. ಅವಳು ಹೊಸ ಫೋನು ತಂದುಕೊಟ್ಟಳು. ಫೋನು ಬೆರಳಿಟ್ಟರೆ ತೆರೆಯುತ್ತದೆ ಎಂದಳು, ಶಿವರಾಮನ ಬೆರಳಿಗೆ ತೆರೆಯಲಿಲ್ಲ. ಇಷ್ಟು ವರ್ಷ ರೇಷ್ಮೆ ಎಳೆ ಹಾದು ಹಾದು ಬೆರಳ ತುದಿಯ ಗೆರೆಗಳೆಲ್ಲ ಅಳಿಸಿಹೋಗಿದ್ದವು. ರೇಷನ್ ಅಂಗಡಿಯ ಯಂತ್ರವೂ ಹೀಗೆಯೇ ಇವನು ಶಿವರಾಮನಲ್ಲ ಎಂದು ಪ್ರತಿ ತಿಂಗಳೂ ತಗಾದೆ ತೆಗೆಯುತ್ತಿತ್ತು. ಕಡೆಗೆ ನಾಲ್ಕಂಕಿಯ ಗುಟ್ಟು ಇಟ್ಟುಕೊಂಡರು. ಪರದೆಯ ಮೇಲೆ ಬೆರಳು ಎಲ್ಲಿಗೋ ಜಾರಿ ಏನೇನೋ ತೆರೆದುಕೊಳ್ಳುತ್ತಿತ್ತು, ಯಾವುದೋ ಸಾಲ ಕೊಡುವ ಹೆಂಗಸು ಮಾತಾಡಲು ಶುರು ಮಾಡುತ್ತಿದ್ದಳು. ಆದರೆ ನಕಾಶೆ ತೆರೆದಾಗ ಮಾತ್ರ ಶಿವರಾಮ ಬಾಯಿ ಬಿಟ್ಟುಕೊಂಡು ನೋಡಿದ. ಹಳದಿ ಯಂತ್ರದಲ್ಲಿ ಬರೀ ಅಂಕಿ ಇತ್ತು. ಇಲ್ಲಿ ಅವನ ಬೀದಿ ಇತ್ತು, ಮನೆಯ ತಾರಸಿ ಇತ್ತು, ನಡುವೆ ನೀಲಿ ಚುಕ್ಕೆಯಾಗಿ ಅವನೇ ಇದ್ದ. ಅಡುಗೆಮನೆಗೆ ನಡೆದರೆ ಚುಕ್ಕೆಯೂ ಅಲುಗಿತು. ಬಹಳ ದಿನದ ಮೇಲೆ ಅವನಿಗೆ ಒಳಗೆ ಏನೋ ಹುರುಪು ಬಂತು.

ಹಳೆಯ ಖಾತೆಯ ಪಾಸ್‌ವರ್ಡ್ ಗೊತ್ತಿರಲಿಲ್ಲ. ಮರೆತಿದ್ದೇನೆ ಎಂದು ಒತ್ತಿದರೆ ಹೊಸದನ್ನು ಮೇಲ್ ಮಾಡಿದ್ದೇವೆ ಎಂದಿತು. ಯಾರ ಮೇಲಿಗೆ ಹೋಯಿತೋ ಶಿವರಾಮನಿಗೆ ಮಾತ್ರ ಬರಲಿಲ್ಲ. ದಿವ್ಯಶ್ರೀ ತಲೆ ಕೆಡಿಸಿಕೊಳ್ಳದೆ ಹೊಸ ಖಾತೆ ತೆರೆದಳು. 'ಶಿವರಾಮ' ಎಂದು ಹಾಕಿದರೆ ಆ ಹೆಸರು ಬೇರೆಯವರದಾಗಿದೆ ಎಂದಿತು. 'ಮೊಳಕಾಲ್ಮೂರು ಶಿವರಾಮ' ಎಂದರೆ ಅದೂ ಆಗಲ್ಲವೆಂದಿತು. ಸಾಕಾಗಿ 'ಕಂಡಿಕೆ' ಎಂದು ಹಾಕಿದಳು, ಅದನ್ನು ಯಾರೂ ಕೇಳಿರಲಿಲ್ಲ, ಕೊಟ್ಟಿತು.

ಬ್ರಹ್ಮಗಿರಿ ಹುಡುಕಿ ತೆರೆದಳು. ಡಬ್ಬಿ ಇತ್ತು. ಜಾಗ ಸ್ವಲ್ಪ ಮೇಲಕ್ಕೆ ಬದಲಾಗಿತ್ತು. ಇಟ್ಟವರು: ಬ್ರಹ್ಮಗಿರಿ ಶಿವರಾಮ. ದಿವ್ಯಶ್ರೀ ಆ ಹೆಸರನ್ನು ಒತ್ತಿದಳು.

"ಅಪ್ಪಾ, ನೀನು ನಿನ್ನೆ ಇದಕ್ಕೆ ಬಂದಿದ್ದೆ ಅಂತ ತೋರಿಸ್ತೈತೆ."

"ನಿನ್ನೆ ನಾನು ರೇಷನ್ ಅಂಗಡಿ ಮುಂದೆ ನಿಂತಿದ್ನಮ್ಮ."

"ನೀನು ಹೋದ ತಿಂಗಳು ಹಂಪಿಗೆ ಹೋಗಿದ್ಯಂತೆ. ಕೇರಳಕ್ಕೆ ಹೋಗಿದ್ಯಂತೆ. ಎಲ್ಲೆಲ್ಲೋ ಡಬ್ಬಿ ಇಟ್ಟಿದೀಯ." ಅವಳು ಬೆರಳಿನಿಂದ ಕೆಳಕ್ಕೆ ಎಳೆಯುತ್ತ ಹೋದಳು. "ಜನ ನಿಂಗೆ ಥ್ಯಾಂಕ್ಸ್ ಹೇಳಿದಾರೆ."

ಶಿವರಾಮ ಎದ್ದು ಅಂಗಿ ಹಾಕಿಕೊಂಡ. ಯಾರೆಂದು ಅವನಿಗೆ ಗೊತ್ತಾಗಿತ್ತು.

ಚಳ್ಳಕೆರೆಯ ಬಸ್ಸಿನಲ್ಲಿ ಅವನು ಬೈಗುಳಗಳನ್ನು ಜೋಡಿಸಿಕೊಂಡು ಕೂತಿದ್ದ. ಕೊಂಡ್ಲಹಳ್ಳಿ ಕ್ರಾಸಿನ ಹೊತ್ತಿಗೆ ಸಿಟ್ಟು ಚೆನ್ನಾಗಿ ಕಾದಿತ್ತು. ಆದರೆ ಮುರುಗೇಂದ್ರಪ್ಪ ಅವನನ್ನು ಕಂಡದ್ದೇ ಅಂಗಡಿಯಿಂದ ಇಳಿದು ಬಂದು, ಹೆಗಲ ಮೇಲೆ ಕೈ ಹಾಕಿ, ಟೀ ಹೇಳಿ, ಕುರ್ಚಿ ಎಳೆದ. ಹೀಗೆ ಕುರ್ಚಿ ಎಳೆದವನನ್ನು ಬೈಯುವುದು ಕಷ್ಟ. ಇಂಟರ್ನೆಟ್ ಸೆಂಟರ್ ಹೋಗಿ ಈಗ ಆಧಾರ್ ತಿದ್ದುಪಡಿ, ಪ್ಯಾನ್ ಕಾರ್ಡು, ರೈಲು ಟಿಕೆಟ್ಟಿನ ಅಂಗಡಿಯಾಗಿತ್ತು. ಗೋಡೆಯ ಮೇಲೆ ಅವನು ಟೋಪಿ ಹಾಕಿಕೊಂಡು ಯಾರ್ಯಾರೋ ವಿದೇಶದವರ ಜೊತೆ ನಿಂತ ಫೋಟೋಗಳಿದ್ದವು.

"ನನ್ನ ಹೆಸರಲ್ಲಿ ಆಟ ಆಡ್ತಿದೀಯಂತೆ," ಎಂದ ಶಿವರಾಮ.

"ಆಡ್ತಿದೀನಿ ಕಣಲೇ," ಎಂದ ಮುರುಗೇಂದ್ರಪ್ಪ, ಮುಚ್ಚುಮರೆಯಿಲ್ಲದೆ. "ಮೇಲ್ ನಂದಲ್ಲೇನು? ನೀನು ಬಿಟ್ಟಮೇಲೆ ನಂಗೆ ಬರಕ್ಕೆ ಶುರುವಾಯ್ತು. ಡಬ್ಬಿಗೆ ನೀರು ಹೋಗೈತೆ, ಪುಸ್ತಕ ತುಂಬೈತೆ, ನೋಡದಿದ್ರೆ ತೆಗೆದು ಹಾಕ್ತೀವಿ ಅಂತ. ಪಾಪ ನಮ್ಮ ಶಿವರಾಮಂದು ಅಂತ ನಾನೇ ಹೋಗಿ ಸರಿ ಮಾಡಿದೆ. ಹಂಗೇ ರುಚಿ ಹತ್ತಿತು."

"ನಂಗೆ ಒಂದು ಮಾತು ಹೇಳಬೇಕಿತ್ತು."

"ಯಾವಾಗ ಹೇಳ್ಲಿ? ತಂಗಿ ಜ್ಯೋತಿಲಕ್ಷ್ಮಿ ಆಸ್ಪತ್ರೆಯಲ್ಲಿದ್ಲು. ನಿಂಗೆ ಫೋನ್ ಮಾಡಿ ಡಬ್ಬಿ ತುಕ್ಕು ಹಿಡಿದೈತೆ ಬಾ ಅನ್ಲಾ?"

ಟೀ ಬಂತು. ಶಿವರಾಮ ಅದನ್ನು ಮುಟ್ಟದೆ, "ಹೆಸರಾದರೂ ವಾಪಸ್ ಕೊಡು," ಎಂದ.

ಮುರುಗೇಂದ್ರಪ್ಪ ನಕ್ಕ. ಕೆಟ್ಟ ನಗೆಯಲ್ಲ, ಮಗುವೊಂದು ಚಂದ್ರ ಬೇಕೆಂದಾಗ ನಗುತ್ತಾರಲ್ಲ, ಅದು. "ಅದ್ರಾಗೆ ನನ್ನ ಇಷ್ಟು ವರ್ಷದ ಓಡಾಟ ಐತೆ ಕಣೋ. ಬೆಂಗಳೂರಲ್ಲಿ ಈ ಆಟದೋರೆಲ್ಲ ಸೇರ್ತಾರೆ, ಅಲ್ಲೆಲ್ಲ ನನ್ನ ಶಿವರಾಮ್ ಸಾರ್ ಅಂತಾರೆ. ಮೊದಮೊದಲು ತಿದ್ದಿದೆ, ಆಮೇಲೆ ಬಿಟ್ಟೆ. ಈಗ ಶಿವರಾಮ ಅಂದ್ರೆ ನಾನೇ ತಿರುಗಿ ನೋಡ್ತೀನಿ. ನಿಂಗೇನು, ಹೊಸ ಖಾತೆ ಮಾಡ್ಕೋ. ಪುಕ್ಕಟೆ ಬರುತ್ತೆ."

ಶಿವರಾಮ ಬಸ್ಸಿನಲ್ಲಿ ಜೋಡಿಸಿಕೊಂಡ ಬೈಗುಳಗಳನ್ನು ನುಂಗಿಕೊಂಡ, ಯಾಕೆಂದರೆ ಬಂದದ್ದು ಹೆಸರಿಗಲ್ಲ. ಹೆಸರು ಹಾಳಾಗಿ ಹೋಗಲಿ.

"ಹಳೇ ಡಬ್ಬಿ ಏನು ಮಾಡಿದೆ?"

"ಹಳೇದು ಎಲ್ಲೈತೆ? ತಳ ತೂತು ಬಿದ್ದಿತ್ತು. ಹೋದ ವರ್ಷ ಹೊಸಾದು ಕೂರಿಸಿದೀನಿ, ಪ್ಲಾಸ್ಟಿಕ್ಕಿಂದು, ಹನಿ ನೀರು ಒಳಕ್ಕೆ ಹೋಗಲ್ಲ. ಕ್ಯೂಆರ್ ಅಂಟಿಸಿದೀನಿ."

"ಒಳಗೆ ಇದ್ದಿದ್ದು?"

"ಅದಾ? ಬೇಕಾಗಿದ್ದು ಬಳಸಿದೀನಿ, ಉಳಿದಿದ್ದು ಇರಬೇಕು ನೋಡು. ನಾನ್ಯಾಕೆ ಏನಾದ್ರೂ ದಂಡ ಮಾಡ್ಲಿ?" ಎಂದು ಅವನು ಆಧಾರ್ ತಿದ್ದಿಸಲು ಬಂದ ಮುದುಕಿಯ ಕಡೆ ತಿರುಗಿದ.

ಕಂಡಿಕೆ ಇತ್ತೇ ಎಂದು ಶಿವರಾಮ ಬಾಯಿಬಿಟ್ಟು ಕೇಳಲಿಲ್ಲ. ಕೇಳಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಹೆಂಡತಿಗೆ ಹೇಳದೆ ಉಳಿಸಿಕೊಂಡದ್ದನ್ನು ಈ ಜೆರಾಕ್ಸ್ ಯಂತ್ರದ ಸದ್ದಿನಲ್ಲಿ ಇವನಿಗೆ ಹೇಳುವುದು ಅವನಿಂದಾಗಲಿಲ್ಲ. ಉಳಿದದ್ದು ಇರಬೇಕು ಎಂದನಲ್ಲ, ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಬಸ್ಸು ಹತ್ತಿದ.

ಮರುದಿನ ಬೆಳಿಗ್ಗೆ ಫೋನು ಹಿಡಿದು ಬೆಟ್ಟ ಹತ್ತಿದ. ಹೊಸ ಕಾಲದ ವಿದ್ಯೆಯನ್ನು ಹೊಗಳಲೇಬೇಕು, ಅದು ಎಲ್ಲೂ ತಡವರಿಸಲಿಲ್ಲ. ಹಳದಿ ಯಂತ್ರ ಬಂಡೆಗಳ ನಡುವೆ ಆಕಾಶ ಕಾಣದೆ ಪೇಚಾಡುತ್ತಿತ್ತು, ಇದು ಮುಳ್ಳಿನ ಪೊದೆಯೊಳಗೂ ಎಡಕ್ಕೆ, ಬಲಕ್ಕೆ ಎನ್ನುತ್ತ ಬಾಣ ತೋರಿಸಿತು. ದಾರಿಯುದ್ದಕ್ಕೂ ಅವನು ಮನಸ್ಸಿನಲ್ಲೇ ಕಂಡಿಕೆಯನ್ನು ಕೈಗೆತ್ತಿಕೊಂಡು ನೋಡುತ್ತಿದ್ದ. ಎಲ್ಲರ ಸುತ್ತು ಒಂದೇ ಅಲ್ಲ. ಕೆಲವರದು ತುದಿಯಲ್ಲಿ ಗಂಟು ಗಂಟು, ಕೆಲವರದು ನಡುವೆ ಪೊಳ್ಳು. ಜ್ಯೋತಿಲಕ್ಷ್ಮಿಯದು ಎರಡು ತುದಿಗೆ ಬಿಗಿ, ನಡುವೆ ಸಣ್ಣ ಹೊಟ್ಟೆ, ಬೆರಳಾಡಿಸಿದರೆ ಎಲ್ಲೂ ತಡೆಯುವುದಿಲ್ಲ. ಕರೆಂಟು ಹೋದಾಗಲೂ ಲಾಳಿ ಓಡುವ ಸದ್ದಿನಲ್ಲೇ ಇದು ಅವಳ ಕಂಡಿಕೆ ಎಂದು ಅವನಿಗೆ ಗೊತ್ತಾಗುತ್ತಿತ್ತು. ಆ ಸುತ್ತನ್ನು ಒಂದು ಸಲ ಬೆರಳಿನಿಂದ ಮುಟ್ಟಬೇಕು, ತಿಥಿಯ ದಿನ ಫೋಟೋದ ಮುಂದೆ ಇಡಬೇಕು, ಸಡಿಲವಾಗಿರಲಿಲ್ಲ ಮಾರಾಯ್ತಿ ಎಂದು ಹೇಳಬೇಕು. ಬೇರೆ ಆಸೆಯೇ ಇರಲಿಲ್ಲ.

ಫೋನು ಗುರ್ರೆಂದು ನಡುಗಿ, ನೀವು ತಲುಪಿದ್ದೀರಿ ಎಂದಿತು.

ಬಂಡೆಯ ಬಿರುಕಿನಿಂದ ಹೊರಬಂದ ಒಂದು ಆಲದ ಬೇರಿಗೆ ಹಸಿರು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯನ್ನು ಕಟ್ಟಿ ತೂಗುಬಿಟ್ಟಿದ್ದರು. ಶಿವರಾಮ ಮುಚ್ಚಳ ತೆಗೆದ. ಒಂದು ರುಜು ಪುಸ್ತಕ, ಪೆನ್ಸಿಲ್ಲು, ಐಫೆಲ್ ಗೋಪುರದ ಕೀಚೈನು, ಒಂದು ಪ್ಲಾಸ್ಟಿಕ್ ಆನೆ, ಯಾವುದೋ ದೇಶದ ತೂತಿನ ನಾಣ್ಯ. ಎಲ್ಲವನ್ನೂ ಬಂಡೆಯ ಮೇಲೆ ಸುರಿದು, ಡಬ್ಬಿಯನ್ನು ಕವುಚಿ ಬಡಿದು ನೋಡಿದ. ಕಂಡಿಕೆ ಇರಲಿಲ್ಲ.

ಆಮೇಲೆ ಅವನ ಕಣ್ಣು ಡಬ್ಬಿ ಕಟ್ಟಿದ್ದ ದಾರದ ಮೇಲೆ ಬಿತ್ತು.

ದಾರವನ್ನು ಹತ್ತಾರು ಎಳೆ ಸೇರಿಸಿ ಹೊಸೆದು, ಬೇರಿಗೂ ಡಬ್ಬಿಯ ಹಿಡಿಗೂ ಸುತ್ತಿ ಸುತ್ತಿ ಬಿಗಿದಿದ್ದರು. ಬಿಸಿಲಿಗೆ ಬೂದಿಯ ಬಣ್ಣಕ್ಕೆ ತಿರುಗಿತ್ತು. ಶಿವರಾಮ ಒಂದು ಮಡಿಕೆಯನ್ನು ಉಗುರಿನಿಂದ ಸರಿಸಿದ. ಒಳಗೆ, ಬಿಸಿಲು ತಾಗದ ಕಡೆ, ನೇರಳೆ ಬಣ್ಣವಿತ್ತು.

ಬೇಕಾದದ್ದು ಬಳಸಿದ್ದೇನೆ ಎಂದಿದ್ದ ಮುರುಗೇಂದ್ರಪ್ಪ. ಸುಳ್ಳು ಹೇಳಿರಲಿಲ್ಲ. ಗಟ್ಟಿ ರೇಷ್ಮೆ ಸಿಕ್ಕಿತು, ಕಟ್ಟುವುದಕ್ಕೆ ಒದಗಿತು. ಕಡ್ಡಿ ಯಾಕೆ ಬೇಕು, ಎಸೆದ. ಯಾರಾದರೂ ಹಾಗೆಯೇ ಮಾಡುತ್ತಿದ್ದರು.

ಶಿವರಾಮ ಮೊದಲು ಕಡ್ಡಿಯನ್ನು ಹುಡುಕಿದ. ಇಳಿಜಾರಿನಲ್ಲಿ ಮಂಡಿಯೂರಿ, ಕಲ್ಲಿನ ಸಂದು, ಹುಲ್ಲಿನ ಬುಡ, ಕಾರೆ ಮುಳ್ಳಿನ ಅಡಿ. ಬೆಟ್ಟದ ತುಂಬ ಕಡ್ಡಿಗಳೇ, ಅದರಲ್ಲಿ ಬೆರಳುದ್ದದ ಒಂದನ್ನು ಹುಡುಕುವುದು ಹುಚ್ಚೆಂದು ಅವನಿಗೂ ಗೊತ್ತಿತ್ತು. ಕೈ ಗೀರಿ ರಕ್ತ ಬಂತು. ಬಿಸಿಲು ಇಳಿಯಿತು. ಕೆಳಗಿನಿಂದ ಒಬ್ಬ ಕುರಿಯವನು, "ಕರಡಿ ಓಡಾಡೋ ಹೊತ್ತಾತು, ಇಳೀರಿ ಯಜಮಾನ್ರೇ," ಎಂದು ಕೂಗಿ ಹೋದ.

ಆಮೇಲೆ ದಾರವನ್ನು ಬಿಚ್ಚಲು ಕೂತ. ಅಷ್ಟನ್ನಾದರೂ ಒಯ್ಯೋಣ ಎನ್ನಿಸಿತ್ತು. ಜೀವಮಾನವೆಲ್ಲ ಕೂದಲಿನಂಥ ಎಳೆಗಳನ್ನು ಬಿಡಿಸಿದ ಬೆರಳುಗಳಿಗೆ ಇದೇನು ದೊಡ್ಡದಲ್ಲ. ಹೊರಗಿನ ಸುತ್ತುಗಳು ಮುಟ್ಟಿದ ಕೂಡಲೇ ಪುಡಿಯಾಗಿ ಉದುರಿದವು. ಒಳಗಿನದು ಗಟ್ಟಿಯಿತ್ತು, ಗಂಟು ಬಿದ್ದಿತ್ತು. ಒಂದು ಗಂಟು ಬಿಚ್ಚಿದ, ಅದರ ಅಡಿಯಲ್ಲಿ ಇನ್ನೊಂದಿತ್ತು. ಅದಕ್ಕೆ ಉಗುರು ಹಾಕಿದವನು ಅಲ್ಲಿಗೇ ನಿಲ್ಲಿಸಿದ. ಇದು ಅವಳ ಸುತ್ತು ಅಲ್ಲ. ಅವಳು ಸುತ್ತಿದ್ದನ್ನು ಯಾವತ್ತೋ ಬಿಚ್ಚಿಯಾಗಿದೆ. ಈಗ ಕೈಯಲ್ಲಿರುವುದು ಮುರುಗೇಂದ್ರಪ್ಪನ ಗಂಟು. ಇದನ್ನು ಮನೆಗೆ ಒಯ್ದು ಫೋಟೋದ ಮುಂದೆ ಇಟ್ಟು ಏನೆಂದು ಹೇಳುವುದು?

ಅವನು ಬಂಡೆಗೆ ಒರಗಿ ಅತ್ತ. ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ಮಣ್ಣು ಮಾಡುವಾಗಲೂ ಮಗಳಿದ್ದಾಳೆಂದು ತಡೆದುಕೊಂಡಿದ್ದ. ಈಗ ದನಿ ತೆಗೆದು ಅತ್ತ. ಮುರುಗೇಂದ್ರಪ್ಪನ ಮೇಲಿನ ಸಿಟ್ಟಿಗೆ ಅಲ್ಲ. ಬೇಡವೆಂದು ಅದನ್ನು ಮೊದಲು ಎಸೆದವನು ಮುರುಗೇಂದ್ರಪ್ಪನಲ್ಲ.

ಕೀಚೈನು, ಆನೆ, ನಾಣ್ಯ ಎಲ್ಲವನ್ನೂ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದ. ದಾರವನ್ನು ಹಾಗೆಯೇ ಬಿಟ್ಟ. ಇಳಿಯುವ ಮುಂಚೆ ಫೋನು ತೆಗೆದರೆ ಆ್ಯಪ್ ಕಾದು ಕೂತಿತ್ತು, ಸಿಕ್ಕಿತೋ ಸಿಗಲಿಲ್ಲವೋ ಎಂದು ಕೇಳುತ್ತಿತ್ತು. ಮಗಳು ಕಲಿಸಿದಂತೆಯೇ, ತಪ್ಪಿಲ್ಲದೆ, ಸಿಗಲಿಲ್ಲ ಎಂಬುದನ್ನು ಒತ್ತಿದ.

ತಿಥಿಯ ದಿನ ಪುರೋಹಿತರು ಬಂದುಹೋದರು. ಎಲೆಯಲ್ಲಿ ಎಡೆ ಬಡಿಸಿ ತಾರಸಿಯ ಮೇಲಿಟ್ಟು ಅಪ್ಪ ಮಗಳು ಕಾಗೆಗೆ ಕಾಯುತ್ತಿದ್ದರು. ಫೋಟೋದ ಮುಂದೆ ಎಲೆಯಡಿಕೆ, ಹೂವು ಬಿಟ್ಟರೆ ಇನ್ನೇನೂ ಇಟ್ಟಿರಲಿಲ್ಲ. ಕಾಗೆ ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಕೂತು ಇತ್ತ ನೋಡಿ, ಮನಸ್ಸು ಮಾಡದೆ ಹಾಗೆಯೇ ಇತ್ತು. ಆಗ ಶಿವರಾಮನ ಜೇಬಿನಲ್ಲಿ ಫೋನು ಟಣ್ಣೆಂದಿತು. ಅವನ ಕೈ ತುಂಬ ಎಳ್ಳು ನೀರು ಆಗಿತ್ತು. ದಿವ್ಯಶ್ರೀಯೇ ತೆಗೆದು ನೋಡಿದಳು.

"ಏನಂತಮ್ಮ?"

"ಆ ಡಬ್ಬಿದು, ಉತ್ತರ ಬಂದೈತೆ," ಎಂದು ಓದಿದಳು. "ಇಟ್ಟಿದ್ದು ಇಟ್ಟ ಜಾಗದಲ್ಲೇ ಐತೆ. ಎಲ್ಲರಿಗೂ ಸಿಗ್ತೈತೆ, ನಿಮಗೊಬ್ಬರಿಗೆ ಸಿಕ್ಕಿಲ್ಲ ಅಂದ್ರೆ ನೀವು ಸರಿಯಾಗಿ ನೋಡಿಲ್ಲ. ಇನ್ನೊಂದು ಸಲ ಬನ್ನಿ."

ಶಿವರಾಮ ಎಡೆಯ ಎಲೆಯನ್ನೇ ನೋಡುತ್ತಿದ್ದ. "ಯಾರು ಬರೆದಿರೋದು?" ಎಂದ.

ದಿವ್ಯಶ್ರೀ ಉತ್ತರದ ಕೆಳಗಿದ್ದ ಹೆಸರು ನೋಡಿದಳು.

"ನೀನೇ ಅಪ್ಪ," ಎಂದಳು.